ತೂಕವಿಲ್ಲದ ಉಂಗುರ

ಅನ್ನಾ ಎಂಬ ಹೆಂಗಸೊಬ್ಬಳು ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಆಭರಣದ ಅಂಗಡಿಯೊಂದರ ಮುಂದೆ ನಿಲ್ಲುತ್ತಾಳೆ. ಗಂಡ ಸ್ಟೆಫಾನ್‌ನ ಜೊತೆ ಮಾತು ಸತ್ತುಹೋಗಿ ಬಹಳ ಕಾಲವಾಗಿದೆ. ಬೆರಳಿನಲ್ಲಿರುವ ಮದುವೆಯ ಉಂಗುರವನ್ನು ಮಾರಿದರೂ ಅವನ ಗಮನಕ್ಕೆ ಬರಲಿಕ್ಕಿಲ್ಲ ಎಂದುಕೊಂಡು ಒಳಗೆ ಹೋಗುತ್ತಾಳೆ. ಅಂಗಡಿಯ ಮುದುಕ ಉಂಗುರವನ್ನು ತಕ್ಕಡಿಗೆ ಹಾಕುತ್ತಾನೆ. ಮುಳ್ಳು ಸೊನ್ನೆಯಿಂದ ಅಲ್ಲಾಡುವುದಿಲ್ಲ. ಗಂಡ ಬದುಕಿರುವಾಗ ಒಂಟಿ ಉಂಗುರಕ್ಕೆ ತೂಕವಿರುವುದಿಲ್ಲ, ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ತನ್ನ ತಕ್ಕಡಿ ತೂಗುತ್ತದೆ ಎಂಬರ್ಥದ ಮಾತು ಹೇಳಿ ಅವನು ಉಂಗುರವನ್ನು ಅವಳ ಕೈಗೇ ಕೊಡುತ್ತಾನೆ. ಅನ್ನಾ ಮತ್ತೆ ಬೀದಿಗೆ ಬರುತ್ತಾಳೆ.

ಇದು ‘ದಿ ಜ್ಯುವೆಲರ್ಸ್ ಶಾಪ್’ ಎಂಬ ಪೋಲಿಷ್ ನಾಟಕದ ಎರಡನೆಯ ಅಂಕ. 1960ರಲ್ಲಿ ಪೋಲೆಂಡಿನ ‘ಝ್ನಾಕ್’ ಪತ್ರಿಕೆಯಲ್ಲಿ ಆಂದ್ಜೇಯ್ ಯಾವ್ಯೆನ್ ಎಂಬ ಹೆಸರಿನಲ್ಲಿ ಇದು ಪ್ರಕಟವಾಯಿತು. ಆ ಹೆಸರಿನ ಹಿಂದಿದ್ದವರು ಕ್ರಾಕುವ್ ನಗರದ ಸಹಾಯಕ ಬಿಷಪ್ ಕಾರೊಲ್ ವೊಯ್ತಿವಾ. 1978ರಲ್ಲಿ ಅವರೇ ಎರಡನೆಯ ಜಾನ್ ಪಾಲ್ ಎಂಬ ಹೆಸರಿನಿಂದ ಪೋಪ್ ಆದರು. ಬೊಲೆಸ್ವಾವ್ ತಾಬೋರ್ಸ್ಕಿ ಮಾಡಿದ ಇಂಗ್ಲಿಷ್ ಅನುವಾದ 1980ರಲ್ಲಿ ಬಂತು. ನಾನು ಓದಿದ್ದು ಅದನ್ನೇ.

ಮದುವೆಯಾಗದ ಪಾದ್ರಿಯೊಬ್ಬರು ಮದುವೆಯ ಬಗ್ಗೆ ನಾಟಕ ಬರೆದಿದ್ದಾರೆಂದು ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಓದಿ ಮುಗಿಸಿದಾಗ ನಗು ಉಳಿದಿರಲಿಲ್ಲ, ತಕರಾರೊಂದು ಉಳಿದಿತ್ತು. ಉಂಗುರ ವಾಪಸು ತೆಗೆದುಕೊಂಡು ಬೀದಿಗೆ ಬಂದ ಅನ್ನಾಳ ಜೊತೆ ನಾಲ್ಕು ಹೆಜ್ಜೆ ನಡೆಯುವವರು ಯಾರು? ಚರ್ಚಿನಲ್ಲಿ ಮದುವೆ ಮಾಡಿಸಿದವರಿಗೆ ಆ ಮದುವೆ ಬಾಳುವಂತೆ ನೋಡಿಕೊಳ್ಳುವ ಹೊಣೆಯೂ ಇದೆಯೇ? ಈ ತಕರಾರಿಗೆ ಉತ್ತರದಂತಿರುವ ಇನ್ನೊಂದು ಪುಸ್ತಕವನ್ನು ಇನ್ನೊಬ್ಬ ಪೋಪ್ 2016ರಲ್ಲಿ ಬರೆದರು. ಎರಡನ್ನೂ ಜೊತೆಗಿಟ್ಟು ಓದುವ ಪ್ರಯತ್ನ ಈ ಬರಹ.

ಹಿನ್ನೆಲೆ ತಿಳಿಯದಿದ್ದರೆ ನಾಟಕ ಬರೀ ಉಪದೇಶವೆನಿಸಬಹುದು. ಜರ್ಮನರು ಪೋಲೆಂಡನ್ನು ಆಕ್ರಮಿಸಿಕೊಂಡಿದ್ದ ದಿನಗಳಲ್ಲಿ, 1941ರಲ್ಲಿ, ಮಿಯೆಚಿಸ್ವಾವ್ ಕೊತ್ಲಾರ್ಚಿಕ್ ಕ್ರಾಕುವ್‌ನಲ್ಲಿ ಒಂದು ಗುಪ್ತ ರಂಗತಂಡ ಕಟ್ಟಿದರು. ತರುಣ ವೊಯ್ತಿವಾ ಅದರಲ್ಲಿ ನಟರಾಗಿದ್ದರು. ಮನೆಗಳ ಕೋಣೆಗಳಲ್ಲಿ, ಕದ ಮುಚ್ಚಿಕೊಂಡು ನಾಟಕ ಓದುತ್ತಿದ್ದ ತಂಡ ಅದು. ರಂಗಸಜ್ಜಿಕೆ ಇಲ್ಲ, ವೇಷಭೂಷಣ ಇಲ್ಲದಂತೆಯೇ. ಮಾತೇ ಅಲ್ಲಿ ಎಲ್ಲ. ಯುದ್ಧ ಮುಗಿದು ಪಾದ್ರಿಯಾದ ಮೇಲೆ 1949ರಲ್ಲಿ ವೊಯ್ತಿವಾ ಅದೇ ನಗರದ ಸಂತ ಫ್ಲೋರಿಯನ್ ಚರ್ಚಿಗೆ ಬಂದರು. ಅಲ್ಲಿ ವಿದ್ಯಾರ್ಥಿಗಳ, ಹೊಸದಾಗಿ ಮದುವೆಯಾದವರ ಗುಂಪೊಂದು ಅವರ ಸುತ್ತ ಸೇರಿತು. ಪಾದ್ರಿಗಳು ತರುಣರನ್ನು ಗುಂಪುಗೂಡಿಸುವುದನ್ನು ಕಮ್ಯುನಿಸ್ಟ್ ಸರ್ಕಾರ ಸಹಿಸುತ್ತಿರಲಿಲ್ಲ. ಆದ್ದರಿಂದ ವೊಯ್ತಿವಾ ಪಾದ್ರಿಯ ನಿಲುವಂಗಿ ಬಿಟ್ಟು ಸಾಮಾನ್ಯ ಬಟ್ಟೆಯಲ್ಲಿ ಅವರೊಡನೆ ಬೆಟ್ಟ ಹತ್ತಿದರು, ನದಿಯಲ್ಲಿ ದೋಣಿ ನಡೆಸಿದರು. ಆ ತರುಣ ತರುಣಿಯರು ಅವರನ್ನು ‘ವುಯೆಕ್’ ಎಂದು ಕರೆಯುತ್ತಿದ್ದರು. ನಮ್ಮ ಮಾತಿನಲ್ಲಿ ಮಾಮ. ಅವರ ಪ್ರೇಮ, ಜಗಳ, ಬಸಿರು, ಬಾಣಂತನಗಳೆಲ್ಲ ಈ ಮಾಮನ ಕಿವಿಗೆ ಬೀಳುತ್ತಿದ್ದವು. ಗಂಡುಹೆಣ್ಣಿನ ಸಂಬಂಧದ ಬಗ್ಗೆ ‘ಪ್ರೀತಿ ಮತ್ತು ಹೊಣೆ’ ಎಂಬರ್ಥದ ಹೆಸರಿನ ಗ್ರಂಥವನ್ನೂ ಅವರು 1960ರಲ್ಲೇ ಪ್ರಕಟಿಸಿದರು.

ನಾಟಕದಲ್ಲಿ ಮೂರು ಜೋಡಿಗಳಿವೆ. ತೆರೇಸಾ ಮತ್ತು ಆಂಡ್ರ್ಯೂ ಉಂಗುರ ಕೊಳ್ಳಲು ಆ ಅಂಗಡಿಯ ಕಿಟಕಿಯ ಮುಂದೆ ನಿಲ್ಲುತ್ತಾರೆ. ಮುಂದೆ ಆಂಡ್ರ್ಯೂ ಯುದ್ಧದಲ್ಲಿ ಸಾಯುತ್ತಾನೆ. ಎರಡನೆಯದು ಅನ್ನಾ ಮತ್ತು ಸ್ಟೆಫಾನ್. ಮೂರನೆಯ ಅಂಕದಲ್ಲಿ ತೆರೇಸಾಳ ಮಗ ಕ್ರಿಸ್ಟೋಫರ್, ಅನ್ನಾಳ ಮಗಳು ಮೋನಿಕಾಳನ್ನು ಪ್ರೀತಿಸುತ್ತಾನೆ. ಒಬ್ಬನಿಗೆ ಅಪ್ಪನ ಮುಖ ನೆನಪಿಲ್ಲ. ಇನ್ನೊಬ್ಬಳು ಒಂದೇ ಮನೆಯಲ್ಲಿ ಬೇರೆಬೇರೆಯಾಗಿ ಬದುಕಿದ ಅಪ್ಪ ಅಮ್ಮಂದಿರ ನಡುವೆ ಬೆಳೆದವಳು. ಪ್ರೀತಿ ಎಂದರೆ ಭಯ ಬೀಳುವ ಹುಡುಗಿ ಅವಳು.

ಕಥೆ ಬರೆಯುವವನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಟಕದ ರಚನೆ. ಇಲ್ಲಿ ಪಾತ್ರಗಳು ಒಬ್ಬರೊಡನೊಬ್ಬರು ಮಾತಾಡುವುದೇ ಅಪರೂಪ. ಪ್ರತಿಯೊಬ್ಬರೂ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಆಂಡ್ರ್ಯೂ ಹೇಳಿದ್ದನ್ನೇ ತೆರೇಸಾ ತನ್ನ ಕಡೆಯಿಂದ ಮತ್ತೆ ಹೇಳುತ್ತಾಳೆ. ಮಾತು ಮಾತಿಗೆ ತಾಗುವುದಿಲ್ಲ, ಪಕ್ಕಪಕ್ಕದಲ್ಲಿ ಹರಿಯುತ್ತದೆ. ನಾಟಕದ ದೃಷ್ಟಿಯಿಂದ ಇದು ದೋಷವೇ, ರಂಗದ ಮೇಲೆ ಏನೂ ನಡೆಯುವುದಿಲ್ಲ. ಆದರೆ ಸಂಸಾರದ ದೃಷ್ಟಿಯಿಂದ ಇದೊಂದು ಸತ್ಯ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ನಮ್ಮಲ್ಲಿದೆ. ಜಗಳವಿದ್ದರೆ ತಾನೇ ಅದು ಮಲಗುವ ಹೊತ್ತಿಗೆ ತೀರುವುದು? ಅನ್ನಾಳ ಮನೆಯಲ್ಲಿ ಜಗಳವೂ ಇಲ್ಲ. ಒಂದೇ ಸೂರಿನ ಕೆಳಗೆ ಎರಡು ಸ್ವಗತಗಳಿವೆ. ದೊಡ್ಡ ಅಪರಾಧ ಯಾರದೆಂದು ನಾಟಕಕಾರರು ತೀರ್ಪು ಕೊಡುವುದಿಲ್ಲ. ಅದು ಅವರ ಸಂಯಮ. ಕೊನೆಯಲ್ಲಿ ಸ್ಟೆಫಾನ್ ಹೆಂಡತಿಯ ಕಡೆ ತಿರುಗಿ, ಇಷ್ಟು ವರ್ಷಗಳಲ್ಲಿ ತಾವಿಬ್ಬರೂ ಕಳೆದುಕೊಂಡದ್ದನ್ನು ನೆನೆದು ಮರುಗುತ್ತಾನೆ. ನಾಟಕದಲ್ಲಿ ಅವನು ನಿಜವಾಗಿ ಅವಳೊಡನೆ ಮಾತಾಡಿದ್ದು ಆಗಲೇ ಎನ್ನಿಸುತ್ತದೆ. ಆ ಹೊತ್ತಿಗೆ ಮಗಳು ಮದುವೆಗೆ ಬಂದಿದ್ದಾಳೆ.

ಈಗ ತಕರಾರಿಗೆ ಬರೋಣ. ಈ ನಾಟಕದಲ್ಲಿ ಮದುವೆ ಇದೆ, ಮನೆ ಇಲ್ಲ. ಅಡುಗೆ ಒಲೆಯಿಲ್ಲ, ಬಾಡಿಗೆಯಿಲ್ಲ, ಅತ್ತೆಯಿಲ್ಲ, ತಿಂಗಳ ಕೊನೆಯಿಲ್ಲ. ಎಲ್ಲವೂ ಬೀದಿಯಲ್ಲಿ, ಅಂಗಡಿಯ ಗಾಜಿನ ಮುಂದೆ ನಡೆಯುತ್ತದೆ. ಇನ್ನೂ ವಿಚಿತ್ರವೆಂದರೆ, ಪಾದ್ರಿಯೊಬ್ಬರು ಬರೆದ ಈ ನಾಟಕದಲ್ಲಿ ಧರ್ಮಕೇಂದ್ರವೂ ಇಲ್ಲ. ಒಂದು ಚರ್ಚಿಗೆ ಸೇರಿದ ಊರು-ಕೇರಿಯ ಕುಟುಂಬಗಳ ಸಮುದಾಯವನ್ನು ಕ್ಯಾಥೊಲಿಕರು ಕನ್ನಡದಲ್ಲಿ ಹಾಗೆ ಕರೆಯುತ್ತಾರೆ. ಅನ್ನಾಳಿಗೆ ಸಿಗುವುದು ಆದಾಮ್ ಎಂಬ ಅಪರಿಚಿತ ದಾರಿಹೋಕ. ಅವನು ಅವಳಿಗೆ ಬೈಬಲಿನ ಮದುಮಗನ ದೃಷ್ಟಾಂತ ಹೇಳುತ್ತಾನೆ. ಅವಳು ಕಾಯುತ್ತಿರುವ ಮದುಮಗನ ಮುಖದಲ್ಲಿ ಸ್ಟೆಫಾನ್‌ನ ಮುಖವೇ ಕಾಣುತ್ತದೆ. ರೂಪಕ ಸುಂದರವಾಗಿದೆ. ಆದರೆ ದೋಣಿಯಲ್ಲಿ ಜೊತೆಗೆ ಕೂತು ಹುಟ್ಟು ಹಾಕಿದ ‘ಮಾಮ’ ತನ್ನ ನಾಟಕದ ಹೆಂಗಸಿಗೆ ಮಾತ್ರ ಒಬ್ಬ ಮಾಮನನ್ನು ಕೊಡಲಿಲ್ಲ, ರೂಪಕವನ್ನು ಕೊಟ್ಟ. ಸ್ಟೆಫಾನ್ ಕುಡಿದು ಬಂದು ಹೊಡೆಯುವವನಾಗಿದ್ದರೆ ಆ ತಕ್ಕಡಿ ಏನು ಹೇಳುತ್ತಿತ್ತು? ನಾಟಕಕ್ಕೆ ಈ ಪ್ರಶ್ನೆ ಹೊಳೆದೇ ಇಲ್ಲ.

ಕ್ಯಾಥೊಲಿಕ್ ನಂಬಿಕೆಯಲ್ಲಿ ಮದುವೆ ಸಪ್ತ ಸಂಸ್ಕಾರಗಳಲ್ಲಿ ಒಂದು. ವಿಧಿವತ್ತಾಗಿ ನೆರವೇರಿ ದಾಂಪತ್ಯ ನಡೆದ ಮದುವೆಯನ್ನು ಸಾವಿನ ಹೊರತು ಯಾರೂ ಬಿಡಿಸಲಾರರು. ವಿಚ್ಛೇದನ ಎಂಬುದು ಅಲ್ಲಿಲ್ಲ. ಮೊದಲಿನಿಂದಲೇ ಆ ಮದುವೆ ಸಿಂಧುವಾಗಿರಲಿಲ್ಲ ಎಂದು ಚರ್ಚಿನ ನ್ಯಾಯಪೀಠ ವಿಚಾರಣೆ ಮಾಡಿ ಘೋಷಿಸುವುದುಂಟು. ನಿಕಾಹ್ ಒಂದು ಕರಾರು ಎಂದು ಕಲಿತು ಬೆಳೆದ ನಮ್ಮಂಥವರಿಗೆ ಈ ವ್ಯತ್ಯಾಸ ಮೊದಲು ಗೊತ್ತಿರಬೇಕು. ಇಲ್ಲವಾದರೆ ತಕ್ಕಡಿಯ ಮುಳ್ಳು ಯಾಕೆ ಅಲ್ಲಾಡಲಿಲ್ಲ ಎಂಬುದು ಅರ್ಥವಾಗದು. ನಾಟಕಕಾರ ಪೋಪ್ ಆದ ಮೇಲೆ 1981ರಲ್ಲಿ ಕುಟುಂಬದ ಬಗ್ಗೆ ‘ಫಮಿಲಿಯಾರಿಸ್ ಕೊನ್ಸೊರ್ಸಿಯೊ’ ಎಂಬ ಉಪದೇಶ ಗ್ರಂಥ ಹೊರಡಿಸಿದರು. ಬೇರೆಯಾಗಿ ಮರುಮದುವೆಯಾದವರನ್ನು ಚರ್ಚಿನಿಂದ ಹೊರಗಿನವರೆಂದು ಕಾಣಬಾರದು ಎಂದರು. ಆದರೆ ಅವರು ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂಬುದನ್ನೂ ಗಟ್ಟಿಮಾಡಿದರು. ಮನೆಯೊಳಗೆ ಬನ್ನಿ, ಪಂಕ್ತಿಯಲ್ಲಿ ಮಾತ್ರ ಕೂರಬೇಡಿ ಎಂದಂತಾಯಿತು.

ಎರಡನೆಯ ಪುಸ್ತಕ ‘ಅಮೋರಿಸ್ ಲೆತೀತ್ಸಿಯಾ’. ಲ್ಯಾಟಿನ್‌ನಲ್ಲಿ ಪ್ರೀತಿಯ ಆನಂದ ಎಂದರ್ಥ. ಬರೆದವರು ಪೋಪ್ ಫ್ರಾನ್ಸಿಸ್. 2014ರಲ್ಲಿ ಮತ್ತು 2015ರಲ್ಲಿ ರೋಮಿನಲ್ಲಿ ಬಿಷಪರ ಎರಡು ಸಭೆಗಳು ಕುಟುಂಬದ ವಿಷಯವಾಗಿಯೇ ನಡೆದವು. ಅದಕ್ಕೂ ಮೊದಲು ಜಗತ್ತಿನ ಧರ್ಮಪ್ರಾಂತ್ಯಗಳಿಗೆ ಪ್ರಶ್ನಾವಳಿ ಹೋಗಿತ್ತು. ಇದೆಲ್ಲದರ ಫಲವಾಗಿ 2016ರ ಏಪ್ರಿಲ್‌ನಲ್ಲಿ ಹೊರಬಂದದ್ದು 9 ಅಧ್ಯಾಯ, 325 ಪರಿಚ್ಛೇದಗಳ ಈ ದಪ್ಪ ಗ್ರಂಥ. ಇದನ್ನು ಪೂರ್ತಿ ಓದಲು ತಾಳ್ಮೆ ಬೇಕು. ಹೇಳಿದ್ದನ್ನೇ ಹೇಳುವ ಪುಟಗಳಿವೆ, ಪ್ರವಚನದ ದನಿಯಿದೆ. ಆದರೆ ನಾಟಕದಲ್ಲಿ ಕಾಣದಿದ್ದ ಮನೆ ಇಲ್ಲಿ ಕಾಣಿಸುತ್ತದೆ. ಕೆಲಸವಿಲ್ಲದ ಗಂಡ, ವಾಸಕ್ಕೆ ಯೋಗ್ಯ ಮನೆ ಸಿಗದೆ ಮದುವೆ ಮುಂದೂಡುವ ಜೋಡಿಗಳು, ಮನೆಯೊಳಗಿನ ಹೊಡೆತ, ಹಾಸಿಗೆ ಹಿಡಿದ ಮುದುಕರು ಎಲ್ಲರೂ ಬರುತ್ತಾರೆ. ಅಡುಗೆಮನೆಯೂ ಬರುತ್ತದೆ. ಉಣಬಡಿಸುವವರ ಸಂತೋಷವನ್ನು ಹೇಳಲು ಫ್ರಾನ್ಸಿಸ್ ‘ಬಬೆಟ್ಸ್ ಫೀಸ್ಟ್’ ಎಂಬ ಡೇನಿಷ್ ಸಿನಿಮಾದ ಅಡುಗೆಯವಳನ್ನು ನೆನೆಯುತ್ತಾರೆ. ಪೋಪರ ಉಪದೇಶದಲ್ಲಿ ಸಿನಿಮಾದ ಅಡುಗೆಯವಳು! ನನಗೆ ಆ ಪುಟ ಇಷ್ಟವಾಯಿತು.

ನಾಲ್ಕನೆಯ ಅಧ್ಯಾಯ ಪ್ರೀತಿಯ ಬಗ್ಗೆ ಸಂತ ಪೌಲರು ಬರೆದ ಮಾತುಗಳ ಪದಪದದ ವ್ಯಾಖ್ಯಾನ. ಅಲ್ಲಿ ‘ತಾಳ್ಮೆ’ ಎಂಬ ಪದಕ್ಕೆ ಬಂದಾಗ ಫ್ರಾನ್ಸಿಸ್ ಒಂದು ಎಚ್ಚರಿಕೆ ಹೇಳುತ್ತಾರೆ. ತಾಳ್ಮೆಯೆಂದರೆ ಸದಾ ಹಿಂಸೆ ಸಹಿಸುತ್ತ ಕೂರುವುದಲ್ಲ ಎನ್ನುತ್ತಾರೆ. ಮುಂದೆ ಆರನೆಯ ಅಧ್ಯಾಯದಲ್ಲಿ, ದುರ್ಬಲರನ್ನೂ ಮಕ್ಕಳನ್ನೂ ಹಿಂಸೆಯಿಂದ ಕಾಪಾಡಲು ಬೇರೆಯಾಗುವುದು ಕೆಲವು ಸಲ ನೈತಿಕವಾಗಿಯೇ ಅಗತ್ಯ ಎಂದು ಒಪ್ಪುತ್ತಾರೆ. ಮುದುಕನ ತಕ್ಕಡಿ ಕೇಳದಿದ್ದ ಪ್ರಶ್ನೆಯನ್ನು 56 ವರ್ಷಗಳ ನಂತರ ಇನ್ನೊಬ್ಬರು ಕೇಳಿದರು. ಮದುವೆಯನ್ನು ನಾವು ಅತಿ ಆದರ್ಶವಾಗಿ, ಬದುಕಿಗೆ ದೂರವಾಗಿ ಚಿತ್ರಿಸುತ್ತ ಬಂದೆವು ಎಂಬ ಆತ್ಮವಿಮರ್ಶೆಯೂ ಈ ಗ್ರಂಥದಲ್ಲಿದೆ. ನಾಟಕದ ಹೆಸರು ಅಲ್ಲಿಲ್ಲ. ಆದರೆ ಆ ಮಾತು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಅಂಗಡಿಯೇ.

ಗ್ರಂಥದ ಜೀವ ಇರುವುದು ಈ ಆರನೆಯ ಅಧ್ಯಾಯದಲ್ಲಿ. ಮದುವೆಯ ಬಟ್ಟೆ, ಊಟ, ಆಮಂತ್ರಣಗಳ ಗಡಿಬಿಡಿಯಲ್ಲಿ ವಧೂವರರು ಸುಸ್ತಾಗಿಯೇ ಚರ್ಚಿನ ಮೆಟ್ಟಿಲು ಹತ್ತುತ್ತಾರೆ ಎಂದು ಫ್ರಾನ್ಸಿಸ್ ಬರೆಯುತ್ತಾರೆ. ಇದಕ್ಕೆ ಜಾತಿಯಿಲ್ಲ, ಮತವಿಲ್ಲ. ವ್ಯಾಲೆಂಟೈನ್ಸ್ ಡೇಯನ್ನು ಪಾದ್ರಿಗಳಿಗಿಂತ ವ್ಯಾಪಾರಿಗಳೇ ಚೆನ್ನಾಗಿ ಬಳಸಿಕೊಂಡರು ಎಂಬ ಕೀಟಲೆಯ ಮಾತೂ ಇದೆ. ಕುಟುಂಬಕ್ಕೆ ಆಸರೆಯಾಗಬೇಕಾದ್ದು ಮುಖ್ಯವಾಗಿ ಧರ್ಮಕೇಂದ್ರವೇ, ಅದು ಕುಟುಂಬಗಳ ಕುಟುಂಬ ಎನ್ನುತ್ತಾರೆ. ಮದುವೆಯ ಮೊದಲ ವರ್ಷಗಳಲ್ಲಿ ಅನುಭವಸ್ಥ ದಂಪತಿಗಳು ಹೊಸಬರ ಜೊತೆಗಿರಬೇಕು. ಮದುವೆಯಾದ ಮೇಲೆ ಚರ್ಚಿನ ಕಡೆ ಸುಳಿಯದವರು ಮಗುವಿನ ದೀಕ್ಷಾಸ್ನಾನಕ್ಕೋ ನೆಂಟರ ಸಾವಿಗೋ ಬಂದಾಗ ಆ ಸಂದರ್ಭವನ್ನು ಬಿಡದೆ ಮಾತಾಡಿಸಬೇಕು. ಸಂಕಟದಲ್ಲಿರುವ ದಂಪತಿಗಳು ಪಾದ್ರಿಯ ಬಳಿ ಬರದಿರಲು ಕಾರಣ, ಅವರಿಗೆ ಅಲ್ಲಿ ಆಪ್ತತೆ ಕಾಣದಿರುವುದು ಎಂಬುದನ್ನೂ ಮುಚ್ಚಿಡುವುದಿಲ್ಲ. ಪಾದ್ರಿಗಳಿಗೆ ಸಂಸಾರದ ಜಟಿಲ ಪ್ರಶ್ನೆಗಳಲ್ಲಿ ತರಬೇತಿ ಸಾಲದು, ವಿವಾಹಿತ ಪಾದ್ರಿಗಳಿರುವ ಪೌರ್ವಾತ್ಯ ಪರಂಪರೆಯ ಅನುಭವದಿಂದಲೂ ಕಲಿಯಬಹುದು ಎನ್ನುತ್ತಾರೆ.

ಇಷ್ಟೆಲ್ಲ ಇದ್ದರೂ ಈ ಗ್ರಂಥ ಸುದ್ದಿಯಾದದ್ದು ಎಂಟನೆಯ ಅಧ್ಯಾಯದ ಒಂದು ಅಡಿಟಿಪ್ಪಣಿಯಿಂದ. ಅದರ ಸಂಖ್ಯೆ 351. ಮರುಮದುವೆಯಾದವರಂಥ ಸನ್ನಿವೇಶಗಳಲ್ಲಿ ಕೆಲವರಿಗೆ ಸಂಸ್ಕಾರಗಳ ನೆರವೂ ದೊರೆಯಬಹುದೆಂಬ ಸೂಚನೆ ಅಲ್ಲಿದೆ. 2016ರಲ್ಲೇ ನಾಲ್ವರು ಕಾರ್ಡಿನಲ್‌ಗಳು ಪೋಪರಿಗೆ ಐದು ಪ್ರಶ್ನೆ ಬರೆದು ಕಳಿಸಿದರು, ಆಮೇಲೆ ಅದನ್ನು ಬಹಿರಂಗ ಮಾಡಿದರು. ವರ್ಷಗಟ್ಟಲೆ ಚರ್ಚೆ ನಡೆಯಿತು. ಪ್ರಶ್ನೆ ಸಣ್ಣದೆಂದು ನಾನು ಹೇಳುತ್ತಿಲ್ಲ. ಪಂಕ್ತಿಯಿಂದ ಹೊರಗೆ ನಿಂತವರಿಗೆ ಆ ಅಡಿಟಿಪ್ಪಣಿಯೇ ಇಡೀ ಪುಸ್ತಕವಾಗಿದ್ದಿರಬಹುದು. ಆದರೆ ಮುರಿದ ಮೇಲೆ ಏನು ಎಂದು ವಾದಿಸಿದಷ್ಟು ಉತ್ಸಾಹ, ಮುರಿಯದಂತೆ ಯಾರು ಯಾವ ಮನೆಯ ಬಾಗಿಲು ತಟ್ಟಬೇಕು ಎಂಬುದರಲ್ಲಿ ಕಾಣಲಿಲ್ಲ. ಕಾಯ್ದೆ ಬಲ್ಲವರಿಗೆ ಅಡಿಟಿಪ್ಪಣಿ ಸಾಕು. ಬಾಗಿಲು ತಟ್ಟುವವರಿಗೆ ಚಪ್ಪಲಿ ಸವೆಸಬೇಕಾಗುತ್ತದೆ.

ಫ್ರಾನ್ಸಿಸ್‌ರ ಮೇಲೂ ನನ್ನ ಆಕ್ಷೇಪವಿದೆ. ಕುಟುಂಬದ ಮೇಲೆ ನಡೆದ ಆ ಎರಡು ಸಭೆಗಳಲ್ಲಿ ಹೆಂಗಸರು ಇದ್ದರು, ಮಾತಾಡಿದರು. ಆದರೆ ಮತ ಹಾಕುವ ಹಕ್ಕು ಒಬ್ಬ ಹೆಂಗಸಿಗೂ ಇರಲಿಲ್ಲ. ಬಿಷಪರ ಇಂಥ ಸಭೆಯಲ್ಲಿ ಹೆಂಗಸರು ಮತ ಹಾಕಿದ್ದು 2023ರಲ್ಲಿ, ಮೊದಲ ಸಲ. ಅಡುಗೆಮನೆಯನ್ನು ಒಳಗೆ ತಂದ ಗ್ರಂಥ, ಅಡುಗೆ ಮಾಡುವವಳ ಕೈಗೆ ಲೇಖನಿ ಕೊಡಲಿಲ್ಲ. ಅನ್ನಾಳ ಬಗ್ಗೆ ಇಬ್ಬರು ಪೋಪರು ಬರೆದಿದ್ದಾರೆ ಎನ್ನಬಹುದು. ಅನ್ನಾ ಬರೆದದ್ದು ಎಲ್ಲಿದೆ?

ಆದರೂ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. 2015ರಲ್ಲೇ ಫ್ರಾನ್ಸಿಸ್ ಮದುವೆಯ ಸಿಂಧುತ್ವದ ವಿಚಾರಣೆಯನ್ನು ಸರಳಗೊಳಿಸಿದ್ದರು. ಎರಡು ನ್ಯಾಯಪೀಠಗಳಿಂದ ಒಂದೇ ತೀರ್ಪು ಬರಲೇಬೇಕೆಂಬ ನಿಯಮ ಹೋಯಿತು. 2022ರ ಜೂನ್‌ನಲ್ಲಿ ವ್ಯಾಟಿಕನ್ ಇನ್ನೊಂದು ಕೈಪಿಡಿ ಹೊರಡಿಸಿತು. ವಯಸ್ಕರು ದೀಕ್ಷಾಸ್ನಾನಕ್ಕೆ ಸಿದ್ಧರಾಗುವಷ್ಟು ದೀರ್ಘವಾಗಿ ಮದುವೆಗೂ ಸಿದ್ಧತೆ ನಡೆಯಬೇಕು, ಮದುವೆಯ ನಂತರದ ಮೊದಲ ವರ್ಷಗಳೂ ಅದರ ಭಾಗವಾಗಬೇಕು ಎಂಬುದು ಅದರ ಸಾರ. ಪಾದ್ರಿಯಾಗುವವನಿಗೆ ಹಲವು ವರ್ಷಗಳ ಶಿಕ್ಷಣ, ಗಂಡಹೆಂಡಿರಾಗುವವರಿಗೆ ಕೆಲವೇ ವಾರಗಳ ತಯಾರಿ, ಇದು ಯಾವ ನ್ಯಾಯ ಎಂದು ಅದರ ಮುನ್ನುಡಿಯಲ್ಲಿ ಫ್ರಾನ್ಸಿಸ್ ಕೇಳಿದ್ದರು. ಅವರು 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಪ್ರಶ್ನೆ ಉಳಿದಿದೆ.

ಇದೆಲ್ಲ ರೋಮಿನ ಮಾತಾಯಿತು, ನಮಗೇನು ಎನ್ನಬೇಡಿ. ನಮ್ಮ ರಾಜ್ಯದ ಕ್ಯಾಥೊಲಿಕರೂ ಇವೇ ಪತ್ರಗಳ ಕೆಳಗೆ ಬಾಳುವವರು. ಇಲ್ಲಿಯೂ ಮದುವೆಗೆ ಮುಂಚೆ ಕೆಲವು ದಿನಗಳ ತಯಾರಿ ಶಿಬಿರವಿದೆ. ಮಂಗಳೂರಿನ ಕಡೆ ಪ್ರತಿ ಚರ್ಚಿನ ಕುಟುಂಬಗಳನ್ನು ‘ವಾಡೊ’ಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಬ್ಬ ‘ಗುರ್ಕಾರ್’ ಇರುವ ಪದ್ಧತಿಯಿದೆ. ವಾಡೊದ ಜನ ಮನೆಗಳಲ್ಲಿ ಸೇರುತ್ತಾರೆ, ಪ್ರಾರ್ಥಿಸುತ್ತಾರೆ. ಆರನೆಯ ಅಧ್ಯಾಯಕ್ಕೆ ಕಾಲು ಬರುವುದಾದರೆ ಇಂಥ ಕಡೆಯಿಂದಲೇ ಬರಬೇಕು. ಯಾವ ಮನೆಯಲ್ಲಿ ದೀಪ ತಡವಾಗಿ ಆರುತ್ತದೆ, ಯಾವ ಮನೆಯಲ್ಲಿ ಮಾತು ನಿಂತಿದೆ ಎಂಬುದು ರೋಮಿಗೆ ತಿಳಿಯುವುದಿಲ್ಲ, ನೆರೆಮನೆಗೆ ತಿಳಿಯುತ್ತದೆ.

ನನಗೆ ಪರಿಚಯದ ಕ್ಯಾಥೊಲಿಕ್ ಶಿಕ್ಷಕಿಯೊಬ್ಬರಿದ್ದಾರೆ. ಗಂಡ ಬಿಟ್ಟುಹೋಗಿ ಕೆಲವು ವರ್ಷಗಳಾಗಿವೆ. ಮದುವೆಯ ಮುಂಚಿನ ಶಿಬಿರದಲ್ಲಿ ಬರೆದುಕೊಂಡ ನೋಟುಪುಸ್ತಕ ಈಗಲೂ ಅವರ ಬಳಿ ಇದೆ. “ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರು. ಆಮೇಲೆ ಮೂರು ವರ್ಷ ಯಾರೂ ಹೇಗಿದ್ದೀಯಮ್ಮ ಅಂತ ಕೇಳಲಿಲ್ಲ. ಅವರು ಬಿಟ್ಟುಹೋದ ಮೇಲೆ ಎಲ್ಲರೂ ಕೇಳಿದರು, ಯಾಕೆ ಬಿಟ್ಟುಹೋದ ಅಂತ,” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಲ್ಲಿ ಹೇಗೆ ಸಾಹೇಬ್ರೇ?” ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಉರ್ದುವಿನಲ್ಲಿ ‘ನಿಬಾಹ್’ ಎಂಬ ಪದವಿದೆ. ಕೂಡಿ ಬಾಳಿ ಕೊನೆಮುಟ್ಟಿಸುವುದು ಎಂದರ್ಥ. ನಿಕಾಹ್ ಒಂದು ಸಂಜೆಯ ಕೆಲಸ, ನಿಬಾಹ್ ಆಯುಷ್ಯದ ಕೆಲಸ. ನಮ್ಮಲ್ಲೂ ಮೊದಲನೆಯದಕ್ಕೆ ದಫ್ತರವಿದೆ, ಸಾಕ್ಷಿಗಳಿದ್ದಾರೆ. ಎರಡನೆಯದಕ್ಕೆ ಸಾಕ್ಷಿಗಳು ಸಿಗುವುದು ಕೆಟ್ಟ ಮೇಲೆ, ಪಂಚಾಯಿತಿ ಕೂತಾಗ. ನಾನು ಬರೆದ ಕಥೆಗಳನ್ನು ಈ ನೆಪದಲ್ಲಿ ತಿರುವಿ ನೋಡಿದೆ. ಒಂದೋ ಮದುವೆಯಾಗುತ್ತದೆ, ಇಲ್ಲವೇ ಮುರಿಯುತ್ತದೆ. ನಡುವಿನ ಹತ್ತು ಹದಿನೈದು ವರ್ಷ ಯಾವ ಕಥೆಯಲ್ಲೂ ಇಲ್ಲ. ಚರ್ಚಿನವರನ್ನು ಕೇಳಿದ ಪ್ರಶ್ನೆಯನ್ನು ನನ್ನನ್ನೂ ಕೇಳಿಕೊಳ್ಳಬೇಕಾಯಿತು.

ಮುದುಕ ಹೇಳಿದ್ದು ಅರ್ಧ ಸತ್ಯ. ಒಂಟಿ ಉಂಗುರಕ್ಕೆ ತೂಕವಿಲ್ಲದಿರಬಹುದು. ಅದನ್ನು ಹಿಡಿದು ಬೀದಿಯಲ್ಲಿ ನಿಂತವಳ ಭಾರ ಅವಳಿಗೆ ಗೊತ್ತು. ಅದನ್ನು ತೂಗುವ ತಕ್ಕಡಿ ಅಂಗಡಿಯಲ್ಲಿ ಸಿಗುವುದಿಲ್ಲ, ಒಬ್ಬ ಗುರ್ಕಾರನೋ ಒಬ್ಬ ನೆರೆಯವಳೋ ಬಾಗಿಲಲ್ಲಿ ನಿಂತು ಹೇಗಿದ್ದೀಯಮ್ಮ ಎಂದು ಕೇಳಬೇಕು. ಅದೂ ಮುರಿಯುವ ಮೊದಲು.